ಗ್ಯಾಲರಿಯ ಅಕ್ಕೋರು

ಅಕ್ಕೋರನ್ನು ಹತ್ತಿರದಿಂದ ನೋಡಿದವರು ನಮ್ಮ ವಾಡೆಯಲ್ಲಿ ಕಡಿಮೆ, ಕತ್ತೆತ್ತಿ ನೋಡಿದವರೇ ಎಲ್ಲ. ಈಗಲೂ ಅವರನ್ನು ನೆನೆದರೆ ನನ್ನ ಗೋಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಮೊನ್ನೆ ಪುಣೆಯ ಸದಾಶಿವ ಪೇಠದ ಒಂದು ಹಳೆಯ ಮನೆಯ ಮಹಡಿಯಿಂದ ಯಾರೋ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟು ಭಾಜಿಯವಳಿಂದ ಮೆಂತ್ಯದ ಸೂಡು ಏರಿಸಿಕೊಳ್ಳುತ್ತಿದ್ದರು. ನಾನು ನಡುರಸ್ತೆಯಲ್ಲಿ ನಿಂತೇಬಿಟ್ಟೆ. ಹಿಂದಿನಿಂದ ಬಂದ ಸ್ಕೂಟರಿನವನು ಮರಾಠಿಯಲ್ಲಿ ಒಂದಿಷ್ಟು ಮಂಗಳಾರತಿ ಎತ್ತಿ ಹೋದ. ಎತ್ತಲಿ ಪಾಪ, ಆ ಬುಟ್ಟಿಯಲ್ಲಿ ನನಗೆ ಏನು ಕಂಡಿತೆಂದು ಅವನಿಗೆ ಹೇಗೆ ಗೊತ್ತಾಗಬೇಕು! ನಾವಿದ್ದ ವಾಡೆ ಈಗಿಲ್ಲ. ಅಕ್ಕೋರು ಬೆಳಗಾವಿಯ ತಮ್ಮನ ಮನೆ ಸೇರಿ, ಅಲ್ಲಿಯೂ ಒಂದು ಗ್ಯಾಲರಿ ಹುಡುಕಿಕೊಂಡು, ಬಹಳ ವರ್ಷ ಬಾಳಿ ಹೋದರು.

ತೊಂಬತ್ತರ ದಶಕದ ಮೊದಲಿಗೆ ನನ್ನ ಗಂಡನಿಗೆ ಧಾರವಾಡದಿಂದ ಪುಣೆಗೆ ವರ್ಗವಾಗಿತ್ತು. ಹಲವು ಸಂಸಾರಗಳು ಬಾಡಿಗೆಗಿದ್ದ ಹಳೆಯ ವಾಡೆಯ ಕೆಳಗಿನ ಎರಡು ಕೋಣೆ ನಮಗೆ ಸಿಕ್ಕವು. ನಡುವೆ ಕಲ್ಲು ಹಾಸಿದ ಚೌಕ, ಅದರ ಮಧ್ಯೆ ತುಳಸಿ ಕಟ್ಟೆ, ಮೇಲಿನ ಅಂತಸ್ತಿನಲ್ಲಿ ಸುತ್ತಲೂ ಕಟ್ಟಿಗೆಯ ಕಟಾಂಜನವಿದ್ದ ಗ್ಯಾಲರಿ. ಬಂದ ಮರುದಿನ ಭಾಜಿಯವಳ ಮುಂದೆ ಬಾರದ ಮರಾಠಿಯಲ್ಲಿ ನಾನು ಪೇಚಾಡುತ್ತಿದ್ದಾಗ ಮೇಲಿನಿಂದ ಒಂದು ಕಂಚಿನ ಕಂಠ ಕೇಳಿಸಿತು.

“ಏನ್ರೀ, ಧಾರವಾಡದವರೇನು? ಅಕಿ ರೇಟ್ ಏರಿಸ್ಲಿಕತ್ತಾಳ. ಸುಮ್ಮನ ‘ನಕೋ’ ಅಂದು ಒಳಗ ನಡೀರಿ, ತಾನ ಕರೀತಾಳ.”

ನಡೆದೆ. ಕರೆದಳು. ಅವತ್ತಿನಿಂದ ಪುಣೆ ನನಗೆ ಪರವೂರು ಅನ್ನಿಸಲಿಲ್ಲ.

ಮೇಲಿನಿಂದ ಕೂಗಿದವರು ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಓಣಿಯ ಮರಾಠಿ ಮಕ್ಕಳಿಗೆಲ್ಲ ಅವರು ಟೀಚರ್, ನನಗೆ ನಮ್ಮ ಕಡೆಯ ರೂಢಿಯಂತೆ ಅಕ್ಕೋರು. ಗಂಡ, ಎಂದರೆ ನಮ್ಮ ರಾಯರು, ಹಡಪಸರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಅಕ್ಕೋರು ನೂರು ಮಾತಾಡಿದರೆ ಅವರದು ಒಂದು, ಅದೂ ಹೆಚ್ಚಾಗಿ “ಹ್ಞೂಂ”. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಯಾರಾದರೂ ಕನಿಕರದಿಂದ ಎತ್ತಿದರೆ ಅಕ್ಕೋರು ಅಲ್ಲಿಗೇ ಕತ್ತರಿಸುತ್ತಿದ್ದರು. “ಅವ್ವಾ ಅನ್ನವರಿಲ್ಲ, ಟೀಚರ್ ಅನ್ನವರು ಓಣಿ ತುಂಬ ಅದಾರಲ್ಲ, ಸಾಕು ತಗೋರಿ.”

ಅಂಥವರ ಮುಖ ಒಂದು ವರ್ಷ ಬಾತುಕೊಳ್ಳತೊಡಗಿತು. ಕಾಲು ಊದಿದವು, ಮೆಟ್ಟಿಲು ಹತ್ತಿದರೆ ಏದುಸಿರು. ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು ಡಾಕ್ಟರು. ಡಯಾಲಿಸಿಸ್ ಮೇಲೆ ದಿನ ನೂಕುತ್ತ, ಕಿಡ್ನಿ ಕೊಡುವವರು ಯಾರು ಎಂದು ಬಂಧುಬಳಗದ ಮುಖ ನೋಡುವ ಪ್ರಸಂಗ ಬಂತು. ನೋಡುವ ಮೊದಲೇ ರಾಯರು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು, ಗುಂಪು ಹೊಂದಿತ್ತು. “ನಂದೊಂದು ತಗೋ” ಎಂದರಂತೆ, ಇನ್ನೊಂದು ಕಪ್ ಚಹಾ ಬೇಕೇನು ಎಂದು ಕೇಳುವ ಧ್ವನಿಯಲ್ಲಿ. ಆ ಕಾಲದಲ್ಲಿ ಹೆಂಡತಿ ಗಂಡನಿಗೆ ಕೊಟ್ಟದ್ದನ್ನು ಕೇಳಿದ್ದೆವು, ತಾಯಿ ಮಗನಿಗೆ ಕೊಟ್ಟದ್ದನ್ನು ಕೇಳಿದ್ದೆವು. ಗಂಡ ಹೆಂಡತಿಗೆ ಕೊಟ್ಟದ್ದು ನಮ್ಮ ವಾಡೆಗೆ ಹೊಸದು. ರಾಯರನ್ನು ಕಂಡರೆ ನನಗೆ ಅವತ್ತಿನಿಂದ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ಆಪರೇಷನ್ ಆಗಿ ಮನೆಗೆ ಬರುವ ದಿನ ಅಕ್ಕೋರು ನನಗೆ ಒಂದು ಕೆಲಸ ಹಚ್ಚಿದ್ದರು. ಮೇಲಿನ ಮನೆಯ ಹೊಸ್ತಿಲ ಮೇಲೆ ಒಂದು ಸೇರು ಅಕ್ಕಿ ತುಂಬಿ ಇಡಬೇಕು. ಯಾಕೆಂದು ಗೊತ್ತಾಗದೆ ಇಟ್ಟೆ. ಅವರು ಮೆಟ್ಟಿಲು ಹತ್ತಿ ಬಂದು, ಬಲಗಡೆಯ ಕೆಳಹೊಟ್ಟೆಯ ಮೇಲೆ, ಹೊಸ ಕಿಡ್ನಿ ಕೂಡಿಸಿದ ಜಾಗದ ಮೇಲೆ, ಕೈ ಇಟ್ಟುಕೊಂಡು, ಹೊಸ ಮದುವಣಗಿತ್ತಿಯ ಹಾಗೆ ಬಲಗಾಲಿನಿಂದ ಸೇರನ್ನು ಮೆಲ್ಲಗೆ ಒದ್ದು ಒಳಗೆ ಬಂದರು.

“ಮಗ ಇಲ್ಲದ ಮನಿಗೆ ಸೊಸಿ ಬಂದಾಳ ನೋಡ್ರಿ,” ಎಂದು ಕಿಡ್ನಿಯ ಆ ಜಾಗವನ್ನು ಮೆಲ್ಲಗೆ ಸವರಿದರು.

“ಏನ್ ಹುಡುಗಾಟಿಕಿ ಇದು,” ಎಂದು ರಾಯರು ಆ ಕಡೆ ತಿರುಗಿ ಅಕ್ಕಿ ಬಳಿಯತೊಡಗಿದರು. ಅಳುವುದನ್ನು ಯಾರೂ ನೋಡಬಾರದೆಂದು ಬಳಿದದ್ದು ಅದು. ನಾನಂತೂ ಎದುರಿಗೇ ಅತ್ತುಬಿಟ್ಟೆ.

ಮುಂದಿನ ದಿನಗಳು ಸುಲಭದವಲ್ಲ. ಮೈ ತನ್ನದಲ್ಲದ ಅಂಗವನ್ನು ಹೊರಗೆ ದಬ್ಬದಂತೆ ತಡೆಯುವ ಔಷಧಿ ತಗೊಳ್ಳಬೇಕು, ಆ ಔಷಧಿಯೋ ಮೈಯ ಕಾವಲನ್ನೇ ಕಟ್ಟಿಹಾಕುತ್ತದೆ. ನಮಗೆ ಒಂದು ಸೀನು ಬಂದು ಹೋಗುವಂಥದ್ದು ಅವರ ಜೀವಕ್ಕೇ ಬರಬಹುದು. ಹಾಗಾಗಿ ಗುಂಪು ಬೇಡ, ಹಸಿ ತರಕಾರಿ ಬೇಡ, ಕುದಿಸದ ನೀರು ಬೇಡ, ನೆಗಡಿಯವರು ಬೇಡವೇ ಬೇಡ. ರಾಯರಿಗೆ ಇದು ಹೇಳಿ ಮಾಡಿಸಿದ ಕೆಲಸ. ಮನೆಯನ್ನು ಕಾರ್ಖಾನೆಯ ಸ್ಟೋರ್ ಮಾಡಿಬಿಟ್ಟರು. ಪರವಾನಗಿ ಇಲ್ಲದೆ ಒಂದು ಲಿಂಬೆಹಣ್ಣೂ ಒಳಗೆ ಹೋಗುವಂತಿರಲಿಲ್ಲ.

ಔಷಧಿಯಿಂದ ಅಕ್ಕೋರ ಮುಖ ಉಬ್ಬಿದ ಪೂರಿಯ ಹಾಗಾಯಿತು, ಮೇಲ್ದುಟಿಯ ಮೇಲೆ ಎಳೆ ಮೀಸೆಯೂ ಬಂತು. ಬೇರೆಯವರಾಗಿದ್ದರೆ ಕನ್ನಡಿ ಮುಚ್ಚಿಡುತ್ತಿದ್ದರು. ಇವರು ಗ್ಯಾಲರಿಯಿಂದ ಬಗ್ಗಿ ನನಗೇ ತೋರಿಸಿದರು.

“ಸೊಸಿ ಬಂದಾಳ ಅಂತೀರಿ, ಮೀಸಿ ಎಲ್ಲಿಂದ ಬಂತ್ರೀ ಅಕ್ಕೋರ?” ಎಂದೆ.

“ತವರುಮನಿಂದ ತಂದಾಳ. ಬರಿಗೈಲೆ ಬರಲಿಕ್ಕೆ ಬರ್ತದೇನು?”

ಮಕ್ಕಳನ್ನು ಮನೆಯೊಳಗೆ ಕೂಡಿಸಿಕೊಳ್ಳುವ ಮಾತಂತೂ ಮುಗಿದಿತ್ತು. ಆದರೆ ಅವು ಬಿಡಬೇಕಲ್ಲ. ಸಂಜೆಯಾದರೆ ಬಂದು ಚೌಕದಲ್ಲಿ ಸುಮ್ಮನೆ ಕೂತು ಮೇಲೆ ನೋಡುತ್ತಿದ್ದವು. ಒಂದು ದಿನ ಅಕ್ಕೋರು ತಡೆಯಲಾರದೆ ಅಲ್ಲಿಂದಲೇ ಒಂದು ಲೆಕ್ಕ ಕೂಗಿದರು. ಹಾಗೆ ಶುರುವಾಯಿತು ಗ್ಯಾಲರಿಯ ಕ್ಲಾಸು. ಕೆಳಗೆ ತುಳಸಿ ಕಟ್ಟೆಗೆ ಆನಿಸಿದ ಬೋರ್ಡು, ಮೇಲೆ ಟೀಚರು. ಅವರು ಕೂಗಿದ್ದನ್ನು ಮಕ್ಕಳು ಸರದಿಯ ಮೇಲೆ ಬೋರ್ಡಿಗೆ ಬರೆಯಬೇಕು. ಲೆಕ್ಕ ಬರೆದ ವಹಿಗಳು ಅಕ್ಕೋರು ಭಾಜಿ ಏರಿಸಿಕೊಳ್ಳುವ ಬುಟ್ಟಿಯಲ್ಲಿ ಹಗ್ಗ ಹಿಡಿದು ಮೇಲೆ ಹೋಗುತ್ತಿದ್ದವು. ರಾಯರು ಅವನ್ನು ಹಪ್ಪಳದಂತೆ ಬಿಸಿಲಿಗೆ ಹರವಿ, ಚೆನ್ನಾಗಿ ಕಾದ ಮೇಲೆಯೇ ಹೆಂಡತಿಯ ಕೈಗೆ ಕೊಡುತ್ತಿದ್ದರು. ವಾಡೆಯವರೆಲ್ಲ ನಕ್ಕರು. ಆದರೆ ಯಾರು ಯಾರದನ್ನು ನೋಡಿ ಬರೆಯುತ್ತಾರೆ ಎನ್ನುವುದು ಮೇಲಿನಿಂದ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅಕ್ಕೋರಿಗೆ ಗೊತ್ತಾದ ದಿನ ಮಕ್ಕಳ ನಗು ನಿಂತಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ಸಂಜೆಯಾದರೆ ಮೈ ಸುಡುವುದು, ಮೂಳೆ ಮೂಳೆ ನೋವು, ಊಟ ಸೇರದು. ಕಂಚಿನ ಕಂಠ ಇಳಿದು ಇಳಿದು ಚೌಕಕ್ಕೆ ಕೇಳದ ಹಾಗಾಯಿತು. ಆಸ್ಪತ್ರೆಗೆ ಸೇರಿಸಿದರು. ಯಾವ ಸೋಂಕೆಂದು ತಿಳಿಯಲು ರಕ್ತ ಮುಂಬಯಿಗೆ ಹೋಯಿತು. ಉತ್ತರ ಬರುವತನಕ ವಾಡೆಯಲ್ಲಿ ತಪ್ಪಿತಸ್ಥರ ಹುಡುಕಾಟ ನಡೆಯಿತು. ಯಾವ ಹುಡುಗಿಗೆ ಕೆಮ್ಮಿತ್ತು, ಯಾರ ಮನೆಯ ಪ್ರಸಾದ ಮೇಲೆ ಹೋಗಿತ್ತು, ಯಾರು ಮೆಟ್ಟಿಲ ಮೇಲೆ ಸೀನಿದರು. ಒಬ್ಬರ ಮುಖ ಒಬ್ಬರು ನೋಡದಂತಾಯಿತು.

ಒಂದು ಸಂಜೆ ರಾಯರು ಆಸ್ಪತ್ರೆಯಿಂದ ಬಂದವರೇ ಅಡಿಗೆಮನೆಯಿಂದ ಚಾಕು ತಂದು ಬುಟ್ಟಿಯ ಹಗ್ಗ ಕತ್ತರಿಸಿದರು. ಬುಟ್ಟಿ ದೊಪ್ಪೆಂದು ಚೌಕಕ್ಕೆ ಬಿತ್ತು. ಲೆಕ್ಕದ ವಹಿ ಹಿಡಿದು ಬಂದ ಮಕ್ಕಳನ್ನು ವಾಡೆಯ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು. ನನಗೆ ತಡೆಯಲಾಗಲಿಲ್ಲ.

“ರಾಯರ, ಆ ಕೂಸುಗಳು ಏನು ಮಾಡ್ಯಾವ್ರೀ?”

“ಯಾರೋ ಒಬ್ಬರು ತಂದಾರ. ಯಾರು ಅಂತ ಗೊತ್ತಾಗೂತನಕಾ ಎಲ್ಲಾರೂ ಹೊರಗ.”

ಅಪ್ಪಟ ಸ್ಟೋರ್ ಕೀಪರ್! ಆದರೆ ಆ ಮನುಷ್ಯನ ಕಣ್ಣು ನೋಡಿ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಎಷ್ಟು ದಿನದಿಂದ ನಿದ್ದೆ ಮಾಡಿರಲಿಲ್ಲವೋ.

ಉತ್ತರ ಬಂದ ದಿನ ನಾನು ಗಂಜಿಯ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಮರಾಠಿಯವರು, ಸಮಾಧಾನದ ಮನುಷ್ಯ. ರಾಯರನ್ನು ವರಾಂಡದಲ್ಲಿ ಕೂಡಿಸಿಕೊಂಡು ತಿಳಿಸಿ ಹೇಳಿದರು. ಜ್ವರಕ್ಕೆ ಕಾರಣವಾದ ಈ ವೈರಸ್ಸು ಬಹಳ ಜನರ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ, ಅವರಿಗೆ ಏನೂ ಮಾಡುವುದಿಲ್ಲ. ಆಪರೇಷನ್ನಿಗೆ ಮೊದಲು ಪರೀಕ್ಷಿಸಿದಾಗ ಅಕ್ಕೋರ ರಕ್ತದಲ್ಲಿ ಅದರ ಗುರುತಿರಲಿಲ್ಲ, ರಾಯರ ರಕ್ತದಲ್ಲಿ ಇತ್ತು. ಕಿಡ್ನಿಯ ಜೊತೆಗೆ ಅದೂ ಬಂದಿದೆ. ಹೀಗಾಗಬಹುದೆಂದು ಆಗಲೇ ಹೇಳಿದ್ದೆವು, ಆ ಗಡಿಬಿಡಿಯಲ್ಲಿ ನಿಮ್ಮ ಲಕ್ಷ್ಯಕ್ಕೆ ಬಂದಿರಲಿಕ್ಕಿಲ್ಲ. ಮಕ್ಕಳದು ಇದರಲ್ಲಿ ಏನೂ ಇಲ್ಲ.

ಮುಂದಿನ ಮಾತು ಇನ್ನೂ ಕಠಿಣದ್ದು. ವೈರಸ್ಸಿಗೆ ಔಷಧಿಯನ್ನು ಸಲಾಯಿನ್ನಿನಲ್ಲಿ ಕೊಡುತ್ತೇವೆ. ಜೊತೆಗೆ ಕಿಡ್ನಿ ಕಾಯುವ ಔಷಧಿಯಲ್ಲಿ ಒಂದನ್ನು ಸದ್ಯಕ್ಕೆ ನಿಲ್ಲಿಸಬೇಕು, ಮೈಗೆ ಹೋರಾಡುವ ಶಕ್ತಿ ಬರಲಿ. ಆದರೆ ಆಗ ಮೈ ಕಿಡ್ನಿಯ ಮೇಲೇ ತಿರುಗಿ ಬೀಳಬಹುದು. ಜೀವ ಉಳಿದು ಕಿಡ್ನಿ ಹೋಗಬಹುದು. ಇಬ್ಬರೂ ವಿಚಾರ ಮಾಡಿ ಹೇಳಿ.

ಡಾಕ್ಟರು ಎದ್ದು ಹೋದರು. ರಾಯರು ಏಳಲಿಲ್ಲ.

“ನಾ ಕೊಟ್ಟದ್ದ ಅಕಿಗೆ ವಿಷ ಆತಲ್ರೀ,” ಎಂದರು. ಅಷ್ಟು ಹೇಳಿ ಗೋಡೆಗೆ ಮುಖ ಮಾಡಿ ಕೂತರು. ಒಳಗೆ ಬನ್ನಿ ಎಂದರೆ ಬರಲೊಲ್ಲರು. ತಾನು ಹತ್ತಿರ ಹೋದರೆ ಇನ್ನೇನಾಗುತ್ತದೋ ಎನ್ನುವ ಹೆದರಿಕೆ. ಒಂದು ಕಿಡ್ನಿ ಕಿತ್ತು ಕೊಟ್ಟ ಮನುಷ್ಯ ಅಪರಾಧಿಯ ಹಾಗೆ ಕೂತದ್ದನ್ನು ನನಗೆ ನೋಡಲಾಗಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ಅಕ್ಕೋರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಕರೀರಿ ಅವರನ್ನ. ಒಳಗ ಬರೂದು ಬ್ಯಾಡಾದ್ರ ಬಾಗಲದಾಗ ನಿಂದರಲಿ. ಕಿವಿ ಕೇಳಿದ್ರ ಸಾಕು.”

ರಾಯರು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಕ್ಕೋರ ಧ್ವನಿ ಹತ್ತಿಯಷ್ಟು ಮೆತ್ತಗಾಗಿತ್ತು, ಮಾತಿನ ಖಾರ ಮಾತ್ರ ಅದೇ.

“ನಾ ಲಗ್ನ ಆಗಿ ನಿಮ್ಮ ಮನಿಗೆ ಬಂದಾಗ ಏನೇನ್ ತಂದಿದ್ದೆ, ನೆನಪದ ಏನು? ನನ್ನ ಸಿಟ್ಟು ತಂದಿದ್ದೆ. ಈ ದೊಡ್ಡ ಗಂಟಲಾ ತಂದಿದ್ದೆ. ಅಡಿಗಿಗೆ ಕೈಮುಂದ ಮಾಡಿ ಉಪ್ಪು ಹಾಕೂ ಚಟಾ ತಂದಿದ್ದೆ. ನಿಮ್ಮವ್ವ ನನ್ನ ವಾಪಸ್ ಕಳಿಸಿದ್ರೇನು? ಹಲ್ಲು ಕಡಕೊಂಡು ಬಾಳೇ ಮಾಡಿಸಿದ್ರು. ಈಗ ನಿಮ್ಮ ಕಡಿಂದ ನನ್ನ ಕಡೆ ಸೊಸಿ ಬಂದಾಳ. ಅಕಿ ತವರಿನ ಗಂಟಿನ್ಯಾಗ ಒಂದು ಕೆಟ್ಟದ್ದೂ ಬಂದದ. ನಾ ಗಂಟು ಒಗೀತೀನಿ, ಸೊಸಿನ್ನ ಒಗ್ಯಾಂಗಿಲ್ಲ. ತಿಳೀತೇನು?”

ರಾಯರು ಚೌಕಟ್ಟು ಬಿಡದೆಯೇ ಕೇಳಿದರು.

“ಔಷಧ ನಿಲ್ಲಿಸಿದ್ರ ಅಕಿ ಉಳೀತಾಳೇನು?”

ಆವರೆಗೆ ಒಂದು ದಿನವೂ ಅವರು ಹೆಂಡತಿಯ ಆ ಹುಡುಗಾಟಿಕೆಯಲ್ಲಿ ಪಾಲು ತಗೊಂಡಿರಲಿಲ್ಲ. ಅವತ್ತು ಮೊದಲ ಸಲ ತಮ್ಮ ಕಿಡ್ನಿಯನ್ನು ‘ಅಕಿ’ ಎಂದರು. ಅಕ್ಕೋರು ಕಣ್ಣು ತೆರೆದರು.

“ಉಳೀತಾಳ. ನಿಮ್ಮ ಮನಿ ಹೆಣ್ಮಗಳು, ಭಾಳ ಹಟಮಾರಿ ಇರ್ತಾಳ. ಹೋಗಿ ಡಾಕ್ಟರಿಗೆ ಹ್ಞೂಂ ಅನ್ರಿ. ಅದೊಂದು ನಿಮಗ ಛಲೋ ಬರ್ತದ.”

ಹೋಗಿ ಹ್ಞೂಂ ಅಂದರು.

ಆಮೇಲಿನ ದಿನಗಳಲ್ಲಿ ನಮ್ಮ ವಾಡೆ ಸುದ್ದಿಗಾಗಿ ಕಾದು ಕೂತಿತು. ಬೆಳಿಗ್ಗೆ ರಾಯರು ಬಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಮಾತು, ಜ್ವರ ಹೇಗಿದೆ, ಮೂತ್ರ ಸರಿಯಾಗಿ ಆಗುತ್ತಿದೆಯೇ. ಸೋವಳೆ, ಎಂದರೆ ಮಡಿ, ಬಿಡದ ಮಾಲಕರ ಮನೆಯ ಹಿರಿಯ ಹೆಂಗಸು ಕಾಕೂ ಕೂಡ ಚೌಕದಲ್ಲಿ ನಿಂತು ಎಲ್ಲರೆದುರು ಮೂತ್ರದ ವಿಷಯ ಕೇಳುತ್ತಿದ್ದರು! ಒಂದು ದಿನ ಕಿಡ್ನಿಯ ರಿಪೋರ್ಟು ಸ್ವಲ್ಪ ಕೆಟ್ಟಿತು, ಮತ್ತೆ ತಾನೇ ಸರಿಹೋಯಿತು. ಜ್ವರ ದಿನಕ್ಕೊಂದಿಷ್ಟು ಇಳಿಯುತ್ತ ಬಂತು. ಒಂದು ಮಧ್ಯಾಹ್ನ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ, ಹಾಸಿಗೆಯ ಚಾದರ ಸೊಟ್ಟಗೆ ಹಾಸಿದ್ದಕ್ಕೆ ಯಾರೋ ಆಯಾಳನ್ನು ಗದರಿಸುವುದು ಕೇಳಿಸಿತು. ಅದೇ ಕಂಠ. ನಾನು ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ದೇವರಿಗೆ ಕೈ ಮುಗಿದೆ. ಸೊಸೆ ಉಳಿದಿದ್ದಳು.

ಅಕ್ಕೋರು ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ರಾಯರು ಪೇಟೆಗೆ ಹೋಗಿ ಹೊಸ ಹಗ್ಗ ತಂದರು. ಬಾವಿಯ ಕೊಡ ಎತ್ತುವಷ್ಟು ದಪ್ಪನೆಯದು. ತಾವೇ ಕಟಾಂಜನಕ್ಕೆ ಬಿಗಿದು, ಬುಟ್ಟಿ ಕಟ್ಟಿ, ಎರಡು ಸಲ ಜಗ್ಗಿ ನೋಡಿದರು. ಮಕ್ಕಳಿಗೆ ಹೇಳಿ ಕಳಿಸಿದರು. ಅವು ಅಂಜುತ್ತ ಅಂಜುತ್ತ ಚೌಕಕ್ಕೆ ಬಂದಾಗ ಬುಟ್ಟಿ ಇಳಿಯಿತು, ತುಂಬ ಪೇರಲಹಣ್ಣು. ರಾಯರು ಮೇಲಿನಿಂದ ಬಗ್ಗಿ ಮರಾಠಿಯಲ್ಲಿ, ನಿಮ್ಮದೇನೂ ತಪ್ಪಿರಲಿಲ್ಲ, ನಾನೇ ತಿಳಿಯದೆ ಹೊರಗಿಟ್ಟೆ, ನಾಳೆಯಿಂದ ಬನ್ನಿ ಎಂದರು. ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೊಂದೇ ಸಲ.

ಗ್ಯಾಲರಿಯ ಕ್ಲಾಸು ವರ್ಷಗಟ್ಟಲೆ ನಡೆಯಿತು. ಒಮ್ಮೆ ಪಾಠದ ನಡುವೆ ಅಕ್ಕೋರು ತಟ್ಟನೆ ನಿಲ್ಲಿಸಿ, ಕತ್ತು ತುರಿಸಿಕೊಳ್ಳುತ್ತಿದ್ದ ಒಂದು ಹುಡುಗಿಯನ್ನು ಮನೆಗೆ ಕಳಿಸಿದರು. ಮರುದಿನ ಅವಳ ಮೈತುಂಬ ಸೀತಾಳೆ ಸಿಡುಬು. ಮೇಲಿನಿಂದಲೇ ಕಂಡುಹಿಡಿದಿದ್ದರು ಪುಣ್ಯಾತ್ಗಿತ್ತಿ! ಕೊಂಢವಾ ಬಡಾವಣೆಯ ಕಡೆ ಗೌಂಡಿ ಕೆಲಸ ಮಾಡುವ, ನಮ್ಮ ಕಲಬುರಗಿ ಕಡೆಯ ಒಬ್ಬಳು ಹೆಣ್ಣುಮಗಳು ಯಾರಿಂದಲೋ ಕೇಳಿ ಹುಡುಕಿಕೊಂಡು ಬಂದಿದ್ದಳು. ಅವಳ ಗಂಡನಿಗೆ ಅವನ ಅಕ್ಕ ಕಿಡ್ನಿ ಕೊಟ್ಟಿದ್ದಳು, ಈಗ ಎರಡು ದಿನದಿಂದ ಜ್ವರ. ಅಕ್ಕೋರು ಮೇಲಿನಿಂದಲೇ ಕೂಗಿದರು. “ಮನ್ಯಾಗ ಗುಳಿಗಿ ನುಂಗಿಸಿ ಮಲಗಸಬ್ಯಾಡವಾ. ಇಲ್ಲಿ ನಿಂತು ನನ್ನ ಮಾರಿ ಏನ್ ನೋಡ್ತಿ, ಈಗಿಂದೀಗ ದವಾಖಾನಿಗೆ ನಡಿ. ಹೆದರಬ್ಯಾಡ, ಹೆದರೂದು ಮುಗಿಸಿ ಬಂದಾಕಿ ನಾ ಹೇಳ್ಲಿಕತ್ತೀನಿ.” ಕೆಲವು ತಿಂಗಳ ಮೇಲೆ ಅವಳು ಗಂಡನನ್ನೂ ಕರೆತಂದು ಚೌಕದಲ್ಲಿ ನಿಲ್ಲಿಸಿ ಮೇಲಕ್ಕೆ ಕೈ ಮುಗಿಸಿದಳು.

ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಅರಿಷಿನ ಕುಂಕುಮ. ಓಣಿಯ ಹೆಂಗಸರೆಲ್ಲ ಬರುವ ಆ ಗದ್ದಲಕ್ಕೆ ಅಕ್ಕೋರು ಇಳಿದು ಬರುವಂತಿರಲಿಲ್ಲ. ಹಾಗಾಗಿ ಪ್ರತಿವರ್ಷ ಬುಟ್ಟಿ ಇಳಿಯುತ್ತಿತ್ತು. ಅದರಲ್ಲಿ ನಾನು ಅರಿಷಿನ ಕುಂಕುಮದ ಬಟ್ಟಲು, ಮತ್ತು ಎರಡು ಎಳ್ಳುಂಡೆ ಇಡುತ್ತಿದ್ದೆ. ಒಂದು ಅಕ್ಕೋರಿಗೆ, ಒಂದು ರಾಯರಿಗೆ.

ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿದ್ದಾಗ, ಒಂದು ದೀಪಾವಳಿಯ ಬೆನ್ನಿಗೇ ರಾಯರು ಹೋದರು. ಎದೆ ಹಿಡಿಯಿತು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಕಿಡ್ನಿ ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅದೇ ಡಾಕ್ಟರು ಮನೆಗೆ ಬಂದು ಹೇಳಿ ಹೋದರು. ಹದಿಮೂರು ದಿನ ನೆಂಟರು ತುಂಬಿದ್ದರು, ಆಮೇಲೆ ಮೇಲಿನ ಮನೆ ನಿಶ್ಶಬ್ದವಾಯಿತು. ಕ್ಲಾಸು ನಿಂತಿತು. ಹಗ್ಗ ಕಟಾಂಜನಕ್ಕೆ ಸುತ್ತಿಕೊಂಡೇ ಇತ್ತು. ಅಕ್ಕೋರು ಎಂದಾದರೊಮ್ಮೆ ಗ್ಯಾಲರಿಗೆ ಬಂದರೂ ಬಗ್ಗದೆ ಹಿಂದೆಯೇ ನಿಲ್ಲುತ್ತಿದ್ದರು, ಅವರ ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ ಕೆಳಗಿನಿಂದ ಕಾಣುತ್ತಿರಲಿಲ್ಲ. ಆ ಸಲದ ಸಂಕ್ರಾಂತಿಗೆ ನನ್ನ ಮನಸ್ಸೇ ಇರಲಿಲ್ಲ, ಹೆಂಗಸರು ಬಿಡಲಿಲ್ಲವೆಂದು ಕರೆದೆ.

ಚೌಕ ತುಂಬಿ ಮಾತು ಎದ್ದಿದ್ದಾಗ ಮೇಲಿನಿಂದ ಕಿರ್ ಎಂದಿತು. ಎಲ್ಲರೂ ಕತ್ತೆತ್ತಿದರು. ರಾಯರು ಕಟ್ಟಿದ ಆ ದಪ್ಪ ಹಗ್ಗದ ತುದಿಗೆ ಬುಟ್ಟಿ ಮೆಲ್ಲಗೆ ಇಳಿದು ಬಂದು, ನಮ್ಮ ನಡುವೆ ನೆಲ ಮುಟ್ಟಿ ನಿಂತಿತು.

ಕಾಕೂ ನನ್ನ ಮೊಣಕೈ ಹಿಡಿದರು. “ಇನ್ನೂ ವರ್ಷ ತುಂಬಿಲ್ಲ. ಅವಳಿಗೆ ಇನ್ನೆಲ್ಲಿಯ ಕುಂಕುಮ?” ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ನನಗೆ ಸಿಟ್ಟು ನೆತ್ತಿಗೇರಿತು. ಬುಟ್ಟಿ ಇಳಿಸಿದವರು ಕೇಳಿ ಇಳಿಸಿದ್ದಾರೆ, ಇಡುವವಳು ನಾನು, ನಡುವೆ ನೀವು ಯಾರು ಎಂದು ಕೈ ಬಿಡಿಸಿಕೊಂಡೆ. ಬಟ್ಟಲು ತುಂಬ ಅರಿಷಿನ ಕುಂಕುಮ ಹಾಕಿ ಬುಟ್ಟಿಯಲ್ಲಿ ಇಟ್ಟೆ. ಪಕ್ಕದಲ್ಲಿ ಒಂದು ಎಳ್ಳುಂಡೆ ಇಟ್ಟೆ. ಎರಡನೆಯದಕ್ಕೆ ಕೈ ಹೋಗಿ, ರಾಯರ ನೆನಪಾಗಿ ಕಣ್ಣು ತುಂಬಿ, ಹಿಂದೆ ಬಂತು.

ಹಗ್ಗ ಜಗ್ಗಲಿಲ್ಲ. ಬುಟ್ಟಿ ಇದ್ದಲ್ಲಿಯೇ ಇತ್ತು. ಮೇಲಿನಿಂದ ಅದೇ ಕಂಚಿನ ಕಂಠ ಚೌಕವೆಲ್ಲ ಕೇಳುವಂತೆ ಬಂತು.

“ಯಾಕ್ರೀ, ಒಂದ ಇಟ್ಟೀರಿ? ನಾ ಒಬ್ಬಾಕೀನೇನು?”

ಅಕ್ಕೋರ ಕೈ ಬಲಗಡೆಯ ಕೆಳಹೊಟ್ಟೆಯ ಮೇಲಿತ್ತು. ಕಾಕೂ ತಾವೇ ತಾಟಿನಿಂದ ಇನ್ನೊಂದು ಎಳ್ಳುಂಡೆ ತೆಗೆದು ಬುಟ್ಟಿಯಲ್ಲಿ ಇಟ್ಟರು. ಬುಟ್ಟಿ ಮೇಲೆ ಹೋಯಿತು.